ಹಿಂದೆ ಯಾರು?

ಇಂದಿರಾಪುರಂ, ಘಾಜಿಯಾಬಾದ್
೨೦ ಜನವರಿ ೨೦೨೬, ಮಂಗಳವಾರ

ಪ್ರೀತಿಯ ಇವರಿಗೆ,

ಹೆಸರು ಹಿಡಿದು ಬರೆಯೋಣವೆಂದು ಕೂತೆ, ಕೈ ಏಳಲಿಲ್ಲ. ನಿಮ್ಮ ಬೆಟ್ಟ ಹತ್ತುವ ಬಳಗಕ್ಕೆ ನಿನ್ನೆ ಮೊನ್ನೆ ಸೇರಿದ ಹುಡುಗರೂ ‘ಇಂದು ಸರ್’ ಎಂದು ಬಾಯಿ ತುಂಬ ಕರೆಯುತ್ತಾರೆ. ಇಷ್ಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ ನನಗೆ ಮಾತ್ರ ಇಂದುಶೇಖರ ಎಂಬ ಹೆಸರು ಬ್ಯಾಂಕಿನ ಕಾಗದ ತುಂಬುವಾಗಲಷ್ಟೇ ನೆನಪಾಗುತ್ತದೆ. ಇರಲಿ, ಹೇಗಿದ್ದೀರಿ? ಉಸಿರಾಟ ಹೇಗಿದೆ? ಮಲಗಿದರೆ ಕೆಮ್ಮು ಬರುತ್ತದೆಯೋ, ಹೇಳಿದಂತೆ ಎರಡು ದಿಂಬು ಇಟ್ಟುಕೊಳ್ಳುತ್ತೀರೋ? ಮಧುಗಿರಿಯಲ್ಲಿ ಈಗ ಬೆಳಗಿನ ಬಿಸಿಲು ಹಿತವಾಗಿರಬೇಕು. ನಿಮ್ಮಕ್ಕ ಪದ್ಮಕ್ಕನ ಮನೆಯ ಮಹಡಿಯಿಂದ ಬೆಟ್ಟ ಬುಡದಿಂದ ತುದಿಯ ತನಕ ಕಾಣುತ್ತದಲ್ಲ, ಅದನ್ನು ನೋಡುತ್ತ ಸುಮ್ಮನೆ ಕೂತಿರುವುದು ನಿಮಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ದಾರಿಯಲ್ಲಿ ಒಂದು ಗುಡ್ಡ ಕಂಡರೆ ಗಾಡಿ ನಿಲ್ಲಿಸುವ ಮನುಷ್ಯನನ್ನು ತಂದು ಅಂಥ ಬೆಟ್ಟದ ಮುಂದೆ ಕುರ್ಚಿ ಹಾಕಿ ಕೂರಿಸಿದ್ದೇವೆ. ಅಕ್ಕನ ಕಣ್ಣು ತಪ್ಪಿಸಿ ಬುಡದ ಮೆಟ್ಟಿಲ ತನಕವಾದರೂ ಹೋಗಿ ಬಂದಿರಬಹುದು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ವಾಟ್ಸಾಪಿನ ಕಾಲದಲ್ಲಿ ಇವಳಿಗೇನು ಕಾಗದದ ಹುಚ್ಚು ಎನ್ನಬೇಡಿ. ಫೋನಿನಲ್ಲಿ ನೀವು ನಾಲ್ಕು ಮಾತಾಡುವಷ್ಟರಲ್ಲಿ ದಣಿಯುತ್ತೀರಿ, ದಣಿದದ್ದು ನನಗೆ ತಿಳಿಯಬಾರದೆಂದು ಸಿಗ್ನಲ್ ಸರಿಯಿಲ್ಲ ಎನ್ನುತ್ತೀರಿ. ನಾನು ಏನಾದರೂ ಮುಖ್ಯವಾದದ್ದನ್ನು ಎತ್ತಿದರೆ ಮಗಳು ಅನನ್ಯಾಳ ಪರೀಕ್ಷೆಯ ಕಡೆಗೆ ಮಾತು ತಿರುಗಿಸುತ್ತೀರಿ. ಈ ಫ್ಲ್ಯಾಟಿನಲ್ಲಂತೂ ಅವಳ ಕಿವಿಗೆ ಬೀಳದೆ ಮಾತಾಡುವ ಜಾಗವೇ ಇಲ್ಲ. ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಹೊಗೆಗೆ ಗಂಟಲು ಕಟ್ಟುತ್ತದೆ. ಅದಕ್ಕೇ ಇವತ್ತು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಅವಳು ಸ್ಕೂಲಿನಿಂದ ಬರುವ ಮೊದಲು ಬರೆದು ಮುಗಿಸೋಣವೆಂದು ಕೂತಿದ್ದೇನೆ. ಕಾಗದದ ಮುಂದೆ ನೀವು ಮಾತು ತಿರುಗಿಸಲಾರಿರಿ.

ಇಲ್ಲಿಯ ಹವೆಯ ಬಗ್ಗೆ ಹೊಸದಾಗಿ ಹೇಳುವುದೇನಿದೆ. ಬೆಳಿಗ್ಗೆ ಎದ್ದರೆ ಎದುರಿನ ಟವರ್ ಕಾಣುವುದಿಲ್ಲ, ಅದರ ನೀರಿನ ಪಂಪಿನ ಸದ್ದು ಮಾತ್ರ ಕೇಳುತ್ತದೆ. ಸ್ಕೂಲು ಒಂದು ವಾರ ತೆರೆದರೆ ಒಂದು ವಾರ ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ. ಸಂಕ್ರಾಂತಿಗೆ ಎಳ್ಳು ಬೀರಲು ಕನ್ನಡ ಸಂಘಕ್ಕೆ ಹೋಗಿದ್ದೆ, ಎಲ್ಲರೂ ಮಾಸ್ಕಿನ ಒಳಗಿನಿಂದಲೇ ಒಳ್ಳೆಯ ಮಾತಾಡಿದೆವು. ತರಕಾರಿಯ ಭಯ್ಯಾ ನಿಮ್ಮನ್ನು ಈಗಲೂ ಕೇಳುತ್ತಾನೆ, ‘ಪಹಾಡ್‌ವಾಲೇ ಸಾಹಬ್ ಕಬ್ ಆಯೇಂಗೆ’ ಎಂದು. ಬರುತ್ತಾರೆ, ಮಾರ್ಚಿಗೆ ಬರುತ್ತಾರೆ ಎನ್ನುತ್ತೇನೆ. ಹೋದ ಮಾರ್ಚಿಗೂ ಹಾಗೇ ಹೇಳಿದ್ದೆ, ಅವನು ಪಾಪ ಅದನ್ನು ಎತ್ತಿ ಆಡುವುದಿಲ್ಲ, ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕುತ್ತಾನೆ.

ಈಗ ನಿಮ್ಮ ಬಳಗದ ವಿಷಯ. ಡಿಸೆಂಬರಿನಲ್ಲಿ ನಡಿಗೆಗೆ ಬಂದ ಹೊಸ ಹುಡುಗನ ಕಾಲು ಉಳುಕಿತು ಎಂದು ಯಶವಂತ್ ನಿಮಗೆ ಹೇಳಿದ್ದಾನೆ. ನಾನೇ ಅವನಿಗೆ ಹಾಗೆ ಹೇಳು ಎಂದಿದ್ದೆ. ನಿಮ್ಮ ಆರೋಗ್ಯ ನೋಡಿಕೊಂಡು ಆಮೇಲೆ ಪೂರ್ತಿ ಹೇಳಿದರಾಯಿತು ಎಂದುಕೊಂಡೆವು. ಉಳುಕಿದ್ದಲ್ಲ. ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ನಿಮ್ಮದೇ ಪದ್ಧತಿಯನ್ನು ನಿಮಗೇ ವಿವರಿಸುತ್ತಿದ್ದಾಳಲ್ಲ ಎಂದು ನಗಬೇಡಿ, ಅಲ್ಲಿಂದ ಶುರು ಮಾಡದಿದ್ದರೆ ಮುಂದಿನದನ್ನು ಬರೆಯಲು ನನಗೆ ಧೈರ್ಯ ಬರುವುದಿಲ್ಲ.

ನನಗೆ ಬೆಟ್ಟವೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಭಾನುವಾರ ಒಂದು ದಿನ ಹೊದ್ದು ಮಲಗೋಣವೆಂದರೆ ನೀವು ಬೆಳಗ್ಗೆಯೇ ಥರ್ಮಾಸು ತೊಳೆಯುವ ಸದ್ದು ಮಾಡುತ್ತಿದ್ದಿರಿ. ಫರಿದಾಬಾದಿನ ಕಡೆಯ ಆ ಅರಾವಳಿಯಲ್ಲಿ ಹತ್ತಲು ಏನಿದೆ, ಜಾಲಿ ಮುಳ್ಳು, ಕಲ್ಲುಪುಡಿ, ಎಲ್ಲೆಂದರಲ್ಲಿ ತೋಡಿ ಬಿಟ್ಟ ಹಳೆಯ ಗಣಿಗಳು. ಆದರೂ ಊರು ಬಿಟ್ಟು ಬಂದ ನಮ್ಮ ಹುಡುಗರಿಗೆ ಅಲ್ಲೊಂದು ಊರು ಸಿಗುತ್ತಿತ್ತು. ಮಾನೇಸರದ ಕಂಪನಿಯಿಂದ ವರುಣ್ ಡಿಸೋಜ ಬರುತ್ತಿದ್ದ, ಯೂನಿವರ್ಸಿಟಿಯಿಂದ ನಮ್ಮ ಕಲ್ಲುಗಳ ಸಂಶೋಧಕಿ ಧಾರಿಣಿ ಬರುತ್ತಿದ್ದಳು, ನೋಯ್ಡಾದಿಂದ ಯಶವಂತ್ ತನ್ನ ದೊಡ್ಡ ಗಾಡಿ ತರುತ್ತಿದ್ದ. ನನ್ನ ಕೆಲಸ ಚಿತ್ರಾನ್ನ ಕಲಸುವುದು, ಬಂಡೆಯ ಮೇಲೆ ಬಡಿಸುವುದು, ಇಳಿಯುವಾಗ ಮೊಣಕಾಲು ನೋವೆಂದು ಗೊಣಗುವುದು. ಆ ಗೊಣಗಾಟಕ್ಕೂ ಈಗ ಮನಸ್ಸು ಹಾತೊರೆಯುತ್ತದೆ.

ನಡಿಗೆ ಮುಗಿದು ಗಾಡಿಗಳ ಹತ್ತಿರ ಸೇರಿದಾಗ ತಲೆ ಎಣಿಸಬಾರದು ಎಂದು ಹಟ ಹಿಡಿದವರು ನೀವು. ಎಣಿಸುವುದು ಕುರಿಗಳನ್ನು, ಮನುಷ್ಯರನ್ನು ಹೆಸರಿನಿಂದ ಕರೆಯಬೇಕು ಎನ್ನುತ್ತಿದ್ದಿರಿ. ಮುಂದಾಳು ‘ಹಿಂದೆ ಯಾರು?’ ಎಂದು ಕೂಗುತ್ತಾನೆ. ಪ್ರತಿಯೊಬ್ಬರೂ ದಾರಿಯಲ್ಲಿ ತಮ್ಮ ಬೆನ್ನ ಹಿಂದೆ ಬಂದವರ ಹೆಸರು ಹೇಳಬೇಕು, ಆಮೇಲೆ ಅವರು ತಮ್ಮ ಹಿಂದಿನವರ ಹೆಸರು. ಹೀಗೆ ಸರಪಳಿ ಕೊನೆಯವರ ತನಕ ಹೋದ ಮೇಲೆ ಆ ಕೊನೆಯವರು ‘ನನ್ನ ಹಿಂದೆ ಬೆಟ್ಟ’ ಎನ್ನಬೇಕು, ಆಗಲೇ ಗಾಡಿ ಹತ್ತುವುದು. ಆ ಕೊನೆಯವರು ಯಾವಾಗಲೂ ನೀವು. ಶೂ ದಾರ ಕಟ್ಟಲು ನಿಂತವರನ್ನು, ನವಿಲಿನ ಫೋಟೋ ತೆಗೆಯಲು ಪೊದೆಗೆ ನುಗ್ಗಿದವರನ್ನು, ಮರೆಗೆ ಹೋದವರನ್ನು, ಎಲ್ಲರನ್ನೂ ಮುಂದೆ ಕಳಿಸಿಕೊಂಡೇ ನೀವು ಬರುತ್ತಿದ್ದಿರಿ. ನಿಮ್ಮ ಮುಂದೆ ಅನನ್ಯಾ. ಅವಳು ‘ಹಿಂದೆ ಅಪ್ಪ’ ಎನ್ನುವುದು, ನೀವು ‘ನನ್ನ ಹಿಂದೆ ಬೆಟ್ಟ’ ಎನ್ನುವುದು, ವರುಣ್ ಚಪ್ಪಾಳೆ ತಟ್ಟಿ ಚಲೋ ಎನ್ನುವುದು. ಅವಳ ಕನ್ನಡ ಅರ್ಧ ಹಿಂದಿಯಾದರೂ ಆ ಎರಡು ಮಾತು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತಿತ್ತು.

ನೀವು ಊರಿಗೆ ಹೊರಟ ದಿನ ನಿಜಾಮುದ್ದೀನ್ ಸ್ಟೇಶನ್ನಿನಲ್ಲಿ ಅವಳ ತಲೆ ಸವರಿ ಹೇಳಿದ್ದು ನಿಮಗೆ ನೆನಪಿದೆಯೋ ಇಲ್ಲವೋ, ಅವಳಿಗಂತೂ ನೆನಪಿದೆ. “ಪುಟ್ಟಾ, ನೀನು ಮುಂದೆ ನಡೀತಾ ಇರು, ನಾನು ನಿನ್ನ ಹಿಂದೇನೇ ಇರ್ತೀನಿ.” ಆಗ ನನಗೂ ಅದು ಒಳ್ಳೆಯ ಮಾತು ಅನ್ನಿಸಿತ್ತು. ರೈಲಿನ ಬಾಗಿಲಲ್ಲಿ ನಿಂತವರು ಮತ್ತೇನು ಹೇಳುತ್ತಾರೆ.

ನೀವಿಲ್ಲದ ಮೊದಲ ನಡಿಗೆಯಲ್ಲಿ ಕೊನೆಗೆ ಬಂದವಳು ಅನನ್ಯಾ. ಯಶವಂತ್ ‘ಹಿಂದೆ ಯಾರು’ ಎಂದ, ಹೆಸರುಗಳು ಬಂದವು, ಧಾರಿಣಿ ‘ಹಿಂದೆ ಅನನ್ಯಾ’ ಎಂದಳು. ಈಗ ಇವಳು ‘ನನ್ನ ಹಿಂದೆ ಬೆಟ್ಟ’ ಎನ್ನಬೇಕಿತ್ತು. ಇವಳು ಎಂದಿನಂತೆ ‘ಹಿಂದೆ ಅಪ್ಪ’ ಎಂದಳು. ನಾನು ಬುತ್ತಿಯ ಚೀಲದ ಜಿಪ್ ಎಳೆಯುತ್ತ ತಲೆ ತಗ್ಗಿಸಿಕೊಂಡೆ. ವರುಣ್ ಮೆಲ್ಲಗೆ ‘ಇಂದು ಸರ್ ಹಿಂದೆ ಬೆಟ್ಟ’ ಎಂದ, ಎಲ್ಲರೂ ಸಮಾಧಾನದಿಂದ ಗಾಡಿ ಹತ್ತಿದರು. ಅಂದಿನಿಂದ ಅದೇ ರೂಢಿಯಾಯಿತು. ಹದಿನೈದರ ಹುಡುಗಿಗೆ ಇಲ್ಲ, ನಿನ್ನ ಹಿಂದೆ ಯಾರೂ ಇಲ್ಲ ಎಂದು ಹೇಳುವ ಗಟ್ಟಿ ಮನಸ್ಸು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೇಳುವುದೇಕೆ, ವಾರಕ್ಕೊಮ್ಮೆ ಅಷ್ಟು ಜನರ ನಡುವೆ ನಿಮ್ಮನ್ನು ಕೂಗುವುದು ನನಗೂ ಹಿತವಾಗಿತ್ತು. ನೀವು ಸ್ವಲ್ಪ ಹಿಂದೆ ಬಿದ್ದಿದ್ದೀರಿ, ಬೆವರು ಒರೆಸಿಕೊಳ್ಳುತ್ತ ಬರುತ್ತೀರಿ, ಅಷ್ಟೇ ಅನ್ನಿಸುತ್ತಿತ್ತು. ಆದರೆ ಆ ಕೊನೆಯ ಜಾಗದಲ್ಲಿ ನಿಂತು ಹಿಂದೆ ನೋಡುವ ಕೆಲಸ ಯಾರದು ಎಂದು ಯಾರೂ ಕೇಳಿಕೊಳ್ಳಲಿಲ್ಲ. ನಿಮ್ಮ ಹೆಸರನ್ನು ಅಲ್ಲಿ ನಿಲ್ಲಿಸಿದ್ದೆವು, ಸಾಕು ಅಂದುಕೊಂಡೆವು.

ಡಿಸೆಂಬರಿನ ಆ ಭಾನುವಾರ ಹೋಗಲೇಬಾರದಿತ್ತು. ಮಂಜು, ಹೊಗೆ ಎರಡೂ ಸೇರಿ ಹತ್ತು ಮಾರು ದೂರದ ಮನುಷ್ಯ ನೆರಳಿನ ಹಾಗೆ ಕಾಣುತ್ತಿದ್ದ. ಹಿಂದೆ ಒಂದು ಬಸ್ಸು ತುಂಬುತ್ತಿದ್ದ ಬಳಗದಲ್ಲಿ ಅವತ್ತು ಎರಡು ಕಾರಿಗಾಗುವಷ್ಟು ಜನ. ಯಾರೋ ಬೆಂಗಳೂರಿಗೆ ಹೋದರು, ಯಾರೋ ಮಗುವಿಗೆ ಕೆಮ್ಮೆಂದು ನಿಲ್ಲಿಸಿದರು. ಇಷ್ಟು ವರ್ಷದಲ್ಲಿ ತಪ್ಪದ ಡಿಸೆಂಬರಿನ ನಡಿಗೆ ನೀವಿಲ್ಲವೆಂದು ತಪ್ಪಬಾರದು ಎಂದು ಯಶವಂತ್ ಹಟ ಮಾಡಿದ. ಅವತ್ತು ಹೊಸಬನೊಬ್ಬ ಬಂದಿದ್ದ. ಇಳಕಲ್ಲಿನ ಹುಡುಗ, ಧನುಷ್ ಎಂದು ಹೆಸರು, ಎಂ.ಎ. ಓದಲು ಬಂದವನು, ಸೆಪ್ಟೆಂಬರಿನಿಂದ ಕನ್ನಡ ಮಾತಾಡಲು ಯಾರೂ ಸಿಕ್ಕಿರಲಿಲ್ಲವಂತೆ. ನನ್ನ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು, ಇಲ್ಲಿ ಕಡಲೆಬೇಳೆ ಗರಿಗರಿಯಾಗಿ ಸಿಕ್ಕಿದ್ದು ಇದೇ ಮೊದಲು ಎಂದ. ನಾಚಿಕೆಯ ಹುಡುಗ. ಹೋಗುವಾಗ ವರುಣನ ಹಿಂದೆ ಹಿಂದೆಯೇ ನಡೆದ, ಬ್ಯಾಗು ಭಾರವೆಂದು ಯಶವಂತನ ಗಾಡಿಯ ಡಿಕ್ಕಿಯಲ್ಲೇ ಬಿಟ್ಟಿದ್ದ. ಫೋನೂ ಅದರಲ್ಲೇ ಇತ್ತು.

ಇಳಿಯುವಾಗ ಹೊಟ್ಟೆಯಲ್ಲಿ ಏನೋ ಕಸಿವಿಸಿ ಎಂದು ಪೊದೆಯ ಮರೆಗೆ ಹೋಗಿದ್ದಾನೆ. ಹೇಳಲು ನಾಚಿಕೆ. ಅಷ್ಟರಲ್ಲಿ ಧಾರಿಣಿ, ಅನನ್ಯಾ ಇಬ್ಬರೂ ಅವನನ್ನು ದಾಟಿ ಮುಂದೆ ಹೋಗಿದ್ದಾರೆ. ವರುಣ್ ಹಿಂದೆ ತಿರುಗಿದಾಗ ಅವನಿಗೆ ಕಂಡದ್ದು ಧಾರಿಣಿಯ ಹಳದಿ ಟೋಪಿ. ಧನುಷ್ ಅವಸರ ಅವಸರವಾಗಿ ಬಂದು ಅನನ್ಯಾಳ ಹಿಂದೆ ನಡೆದಿದ್ದಾನೆ. ಕೊನೆಯ ತಿರುವಿನಲ್ಲಿ, ಬೇಗ ಸೇರಿಕೊಳ್ಳೋಣವೆಂದು ದಾರಿ ಬಿಟ್ಟು ಅಡ್ಡಕ್ಕೆ ಇಳಿದಿದ್ದಾನೆ. ಅಲ್ಲಿ ಪೊದೆಯ ಕೆಳಗೆ ಹಳೆಯ ಗಣಿ. ಅವನು ಬಿದ್ದದ್ದು ನಾವು ಗಾಡಿ ನಿಲ್ಲಿಸಿದ್ದ ಬಂಡೆಯ ಕೆಳಗೇ.

ಯಶವಂತ್ ‘ಹಿಂದೆ ಯಾರು’ ಎಂದ. ‘ಹಿಂದೆ ಅಹಲ್ಯಕ್ಕ’ ಎಂದು ತಾನೇ ಶುರು ಮಾಡಿದ. ನಾನು ವರುಣ್ ಎಂದೆ, ವರುಣ್ ಧಾರಿಣಿ ಎಂದ, ಧಾರಿಣಿ ಅನನ್ಯಾ ಎಂದಳು, ಅನನ್ಯಾ ‘ಹಿಂದೆ ಅಪ್ಪ’ ಎಂದಳು, ಎಲ್ಲರೂ ಸೇರಿ ‘ಇಂದು ಸರ್ ಹಿಂದೆ ಬೆಟ್ಟ’ ಎಂದೆವು. ಸರಪಳಿ ಎಲ್ಲಿಯೂ ಕಡಿದಿರಲಿಲ್ಲ, ಒಂದು ಹೆಸರಿಗೆ ಇನ್ನೊಂದು ಸರಿಯಾಗಿ ಕೂತಿತ್ತು. ಚಳಿಗೆ ಕೈ ಉಜ್ಜಿಕೊಳ್ಳುತ್ತ ಗಾಡಿ ಹತ್ತಿದೆವು. ಹುಡುಗ ವರುಣನ ಗಾಡಿಯಲ್ಲಿದ್ದಾನೆ ಎಂದು ಯಶವಂತ್, ಯಶವಂತನ ಗಾಡಿಯಲ್ಲಿದ್ದಾನೆ ಎಂದು ವರುಣ್. ನನಗೆ ಏನನ್ನಿಸಿತ್ತು ಎಂದು ಕೇಳಿದರೆ, ಏನೂ ಅನ್ನಿಸಿರಲಿಲ್ಲ, ಮನೆಗೆ ಹೋಗಿ ಬಿಸಿನೀರಿನಲ್ಲಿ ಕಾಲಿಡಬೇಕು ಎಂಬುದೊಂದೇ ತಲೆಯಲ್ಲಿತ್ತು.

ಸಂಜೆ ಯಶವಂತ್ ಗಾಡಿ ತೊಳೆಸಲು ಹೋದಾಗ ಡಿಕ್ಕಿಯೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ಹಾಸ್ಟೆಲಿನ ಗೆಳೆಯ, ಧನುಷ್ ಯಾಕೆ ಇನ್ನೂ ಬಂದಿಲ್ಲ ಎಂದು ಕೇಳುತ್ತಿದ್ದ. ಆಮೇಲಿನದನ್ನು ನಾನು ಉದ್ದ ಮಾಡಲಾರೆ. ಮತ್ತೆ ಅಲ್ಲಿಗೆ ಓಡಿದರು, ಕತ್ತಲಾಗುವ ಹೊತ್ತಿಗೆ ಧಾರಿಣಿಯ ಟಾರ್ಚಿಗೆ ಅವನ ಸ್ವೆಟರ್ ಕಂಡಿತು. ಜೀವ ಇತ್ತು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದು, ಬಾತು, ಚಳಿಯಲ್ಲಿ ಅಷ್ಟು ಹೊತ್ತು ಬಿದ್ದದ್ದಕ್ಕೆ ಕಾಲು ನೀಲಿಗಟ್ಟಿತ್ತು. ಎರಡು ಆಪರೇಷನ್ ಆದವು. ಮೂಳೆ ಕೂಡಿಸಿದ್ದಾರೆ, ಆದರೆ ಪಾದ ಎತ್ತಲು ಬರುವುದಿಲ್ಲ, ನರ ಸತ್ತಿದೆ ಎನ್ನುತ್ತಾರೆ. ವಾಕರ್ ಹಿಡಿದು ನಡೆಯುತ್ತಾನೆ, ಆದರೆ ಪಾದ ನೆಲ ಗೀರುತ್ತದೆ. ಅವನು ಬೆಟ್ಟ ಹತ್ತಿದ್ದು ಅದೇ ಮೊದಲು, ಅದೇ ಕೊನೆ.

ಆಸ್ಪತ್ರೆಗೆ ನಾನು ದಿನಾ ಊಟ ಒಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಅನ್ನ ಕಲಸಿ ಕೊಡುವಾಗ ಅವನು ತಾನಾಗಿ ಹೇಳಿದ. “ಅಕ್ಕಾರ, ನನಗ ಎಲ್ಲಾ ಕೇಳಸ್ತಿತ್ತ್ರಿ. ಮ್ಯಾಲೆ ನೀವು ಒಬ್ಬೊಬ್ಬರ ಹೆಸರು ಹೇಳಾಕತ್ತಿದ್ರಿ. ನಂದೂ ಬರತೈತಿ, ಆಮ್ಯಾಲೆ ಕೂಗಿದ್ರಾತು ಅಂತ ಕಾಯ್ಕೋತ ಕುಂತಿದ್ದೆ.” ಬಿದ್ದ ಪೆಟ್ಟಿಗೆ ಮೊದಲು ಉಸಿರೇ ಸಿಕ್ಕಿರಲಿಲ್ಲವಂತೆ, ಸಿಕ್ಕ ಮೇಲೆ, ಮೊದಲ ದಿನವೇ ಬಿದ್ದೆನಲ್ಲ, ಎಲ್ಲರೂ ನಗುತ್ತಾರೆ ಎಂದು ಸಂಕೋಚವಂತೆ. ‘ಬೆಟ್ಟ’ ಎಂದು ಎಲ್ಲರೂ ಸೇರಿ ಕೂಗಿದಾಗ ಅವನು ಗಾಬರಿಯಾಗಿ ಕಿರುಚಿದ್ದಾನೆ. ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿದ್ದವು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವನೇ ‘ತಣ್ಣಗಾಕ್ಕೈತ್ರಿ’ ಎಂದು ನೆನಪಿಸಿದ.

ಅವನ ತಂದೆ ಊರಿನಿಂದ ಬಂದಿದ್ದಾರೆ. ಅವರು ಬೈದಿದ್ದರೆ, ಪೊಲೀಸು ಕೋರ್ಟು ಎಂದಿದ್ದರೆ ನಮಗೆಲ್ಲ ಸ್ವಲ್ಪ ಹಗುರಾಗುತ್ತಿತ್ತು. ಯಶವಂತ್ ಅವರ ಮುಂದೆ ಕೂತು ಸರಪಳಿಯ ಪದ್ಧತಿ, ನಿಮ್ಮ ವಿಷಯ, ಎಲ್ಲವನ್ನೂ ಬಿಡಿಸಿ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡು, ಮಗನ ಪಾದದ ಮೇಲೆ ಕೈಯಿಟ್ಟುಕೊಂಡು ಇಷ್ಟೇ ಅಂದರು. “ಪದ್ಧತಿ ಚಲೋನ ಐತ್ರಿ. ಆದ್ರ ಒಬ್ಬರರೆ ಹಿಂದ ಹೊಳ್ಳಿ ನೋಡಬೇಕಿತ್ತು.” ಯಶವಂತ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಅವನನ್ನು ಅಳುವವನೆಂದು ನಾನು ಎಣಿಸಿರಲಿಲ್ಲ.

ಈಗ ಅನನ್ಯಾ. ಅವಳಿಗೆ ಯಾರೂ ಒಂದು ಮಾತು ಅಂದಿಲ್ಲ, ಧನುಷನಂತೂ ದಿನಾ ನನ್ನ ಹತ್ತಿರ ಅವಳ ಬಗ್ಗೆ ಕೇಳುತ್ತಾನೆ. ಆದರೆ ಅವಳಿಗೆ ಎಲ್ಲ ಗೊತ್ತು. ಮೂರು ಹೊತ್ತೂ ಪುಸ್ತಕ ಹಿಡಿದು ಕೂತಿರುತ್ತಾಳೆ, ಹಾಳೆ ಮಗುಚುವುದು ಕಾಣುವುದಿಲ್ಲ. ಭಾನುವಾರ ಬೆಳಿಗ್ಗೆ ಶೂ ಹಾಕಿಕೊಂಡು ಮಂಚದ ತುದಿಯಲ್ಲಿ ಕೂರುತ್ತಾಳೆ, ಸ್ವಲ್ಪ ಹೊತ್ತಿಗೆ ಬಿಚ್ಚಿಡುತ್ತಾಳೆ. ಹೊಸ ವರ್ಷದ ದಿನ ತಲೆ ಬಾಚುತ್ತಿದ್ದೆ, ಕನ್ನಡಿ ಎದುರಿಗಿತ್ತು, ಕನ್ನಡಿಯಲ್ಲಿ ನನ್ನ ಮುಖ ನೋಡದೆ ಹೇಳಿದಳು. “ಅಮ್ಮಾ, ಅವತ್ತು ನನ್ನ ಹಿಂದೆ ಯಾರೋ ಬರ್ತಿದ್ರು. ಸಚ್ಚಿ. ಶೂಸ್ ಕೀ ಆವಾಜ್ ಕೇಳ್ತಿತ್ತು. ತಿರುಗಿ ನೋಡಿದ್ರೆ ಅಪ್ಪ ನಹೀ ಹೋಂಗೆ, ಇರಲ್ಲ ಅಂತ ಗೊತ್ತಿತ್ತಲ್ವಾ, ಅದಕ್ಕೇ ನೋಡ್ಲಿಲ್ಲ.”

ನಾನು ಬಾಚಣಿಗೆ ಕೆಳಗಿಟ್ಟೆ. ಅವಳು ಪ್ರತಿ ಭಾನುವಾರ ಹಾಗೆಯೇ ನಡೆಯುತ್ತಿದ್ದಳಂತೆ, ಮನೆಯಿಂದ ಸ್ಕೂಲ್ ಬಸ್ಸಿನ ತನಕವೂ ಹಾಗೆಯೇ. ಹಿಂದೆ ತಿರುಗಿ ನೋಡುವುದೇ ಇಲ್ಲವಂತೆ. ನೋಡದಿದ್ದರೆ ನೀವು ಇದ್ದೀರಿ. ಆ ಮಾತು ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ನಿಮ್ಮ ಮೇಲೆ ಸಿಟ್ಟು. ಯಾಕೆ ಎಂದು ಆಗ ಸರಿಯಾಗಿ ತಿಳಿಯಲಿಲ್ಲ. ಕಾಯಿಲೆಯ ಮನುಷ್ಯನ ಮೇಲೆ ಸಿಟ್ಟಾಗುವುದು ಎಷ್ಟು ಕೆಟ್ಟದ್ದು ಎಂದು ನನ್ನನ್ನೇ ಬೈದುಕೊಂಡೆ. ಈಗ ಆ ಸಿಟ್ಟಿನ ಕಾರಣ ನನಗೆ ಗೊತ್ತಾಗಿದೆ, ಆದರೆ ಸಿಟ್ಟು ಉಳಿದಿಲ್ಲ.

ಧನುಷ್ ಮುಂದಿನ ಸೋಮವಾರ ತಂದೆಯ ಜೊತೆ ಊರಿಗೆ ಹೊರಡುತ್ತಾನೆ. ಈ ವರ್ಷದ ಓದು ಹೋಯಿತು, ಮತ್ತೆ ದೆಹಲಿಗೆ ಬರುವುದು ಅನುಮಾನ. ಹೋಗುವ ಮೊದಲು ಅನನ್ಯಾಳನ್ನು ಒಮ್ಮೆ ನೋಡಬೇಕು, ಅವಳದೇನೂ ತಪ್ಪಿಲ್ಲ ಎಂದು ಎದುರಿಗೆ ಹೇಳಬೇಕು ಎನ್ನುತ್ತಾನೆ. ನಾನು ಅವಳನ್ನು ಎಷ್ಟು ಕರೆದರೂ ಒಂದೇ ಉತ್ತರ. ಅಪ್ಪ ಮಾರ್ಚಿಗೆ ಬರುತ್ತಾರೆ, ಅಪ್ಪನ ಜೊತೆ ಹೋಗುತ್ತೇನೆ, ಇಳಕಲ್ಲಿಗೇ ಹೋಗುತ್ತೇನೆ, ಅಪ್ಪ ಹಿಂದೆ ಇದ್ದಿದ್ದರೆ ಹೀಗಾಗುತ್ತಲೇ ಇರಲಿಲ್ಲ. ಭಾನುವಾರ ನೀವು ಫೋನ್ ಮಾಡಿದಾಗ ‘ಸಬ್ ಠೀಕ್ ಹೈ ಅಪ್ಪ, ಓದ್ತಾ ಇದೀನಿ’ ಎನ್ನುತ್ತಾಳಲ್ಲ, ಆ ಹೊತ್ತಿಗೆ ಅವಳ ಕೈ ಮೇಜಿನ ತುದಿಯನ್ನು ಹಿಡಿದುಕೊಂಡಿರುತ್ತದೆ. ನೀವು ‘ಮಾರ್ಚಿಗೆ ಬಂದೇ ಬರ್ತೀನಿ ಪುಟ್ಟಾ’ ಎಂದ ಮೇಲೆ ಬಿಡುತ್ತಾಳೆ. ನಿಮ್ಮ ಫೋನಿನ ಕ್ಯಾಮೆರಾ ಕೆಟ್ಟಿರುವುದರಿಂದ ನಿಮಗೆ ಅದು ಕಾಣುವುದಿಲ್ಲ.

ಮೊನ್ನೆ ಬಳಗದವರು ಧಾರಿಣಿಯ ಕೋಣೆಯಲ್ಲಿ ಸೇರಿದ್ದರು. ಇನ್ನು ಇದು ಸಾಕು, ನಿಲ್ಲಿಸಿಬಿಡೋಣ ಎಂದು ವರುಣ್. ನಡೆಸೋಣ, ಆದರೆ ಸರಪಳಿ ಬೇಡ, ತಲೆ ಎಣಿಸೋಣ ಎಂದು ಧಾರಿಣಿ. ಯಶವಂತನಿಗೆ ಪುಣೆಗೆ ವರ್ಗವಾಗಿದೆ, ಏಪ್ರಿಲ್ಲಿಗೆ ಹೋಗುತ್ತಾನೆ. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು, ಇಂದು ಸರ್ ಏನನ್ನುತ್ತಾರೋ ಎಂದು. ನಿಮ್ಮ ಪರವಾಗಿ ಮಾತಾಡುವ ಅಭ್ಯಾಸ ನನಗಿಲ್ಲ, ಆದರೂ ಹೇಳಿದೆ. ಎಣಿಸಿ ಎಂದೆ. ಕುರಿಗಳ ಹಾಗೆಯೇ ಎಣಿಸಿ, ಪರವಾಗಿಲ್ಲ, ಕುರಿ ಕಾಯುವವನು ಒಂದು ಕುರಿಯನ್ನೂ ಬಿಟ್ಟು ಬರುವುದಿಲ್ಲ. ಅವರಿಗೆ ಅದು ಕಠಿಣವಾಗಿ ಕೇಳಿಸಿರಬೇಕು. ಕೊನೆಯಲ್ಲಿ ನಡೆಯುವವರು ಯಾರು ಎಂಬ ಪ್ರಶ್ನೆಗೆ, ನಾನು ಎಂದೆ. ಮೊಣಕಾಲು ನೋವಿನವಳು ಹೇಗೂ ಹಿಂದೆಯೇ ಬೀಳುತ್ತಾಳೆ. ಚಿತ್ರಾನ್ನದ ಡಬ್ಬಿಯನ್ನು ಇನ್ನು ವರುಣ್ ಹೊರುತ್ತಾನಂತೆ.

ನಿಮ್ಮ ಹಳೆಯ ಊರುಗೋಲು ಬಾಗಿಲ ಮೂಲೆಯಲ್ಲೇ ಇದೆ. ನಾನು ತೆಗೆದುಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಅಕ್ಕನ ಮೇಲೆ ರೇಗಬೇಡಿ, ಕಿಟಕಿಯ ಹತ್ತಿರದ ಗಾಳಿಗೆ ಕೂರುವಾಗ ಕಿವಿಗೆ ಏನಾದರೂ ಕಟ್ಟಿಕೊಳ್ಳಿ. ಪದ್ಮಕ್ಕನಿಗೆ ನನ್ನ ನಮಸ್ಕಾರ. ಸ್ವಂತ ಮಗಳ ಹಾಗೆ ನಿಮ್ಮನ್ನು ನೋಡಿಕೊಳ್ಳುವ ಆಕೆಯ ಪಕ್ಕದ ಮನೆಯ ಹುಡುಗಿಗೆ ಆಶೀರ್ವಾದ. ದೇವರು ನಿಮ್ಮ ಒಂದೊಂದು ಉಸಿರನ್ನೂ ಕಾಯಲಿ ಎಂದು ಇಲ್ಲಿಂದ ಬೇಡುತ್ತೇನೆ. ಅಷ್ಟು ಬಿಟ್ಟರೆ ನನಗೆ ಬೇರೇನೂ ಬೇಡ.

ನಿಮ್ಮವಳೇ ಆದ
ಅಹಲ್ಯಾ

ಮರೆತಿದ್ದೆ ಎನ್ನಲಾರೆ, ಬರೆಯಲು ಹೆದರಿ ಕೊನೆಗಿಟ್ಟಿದ್ದೆ: ಸ್ಪೀಡ್ ಪೋಸ್ಟಿನ ಕೌಂಟರ್ ಮುಚ್ಚುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಪದ್ಮಕ್ಕನನ್ನು ಬೈಯಬೇಡಿ, ಶನಿವಾರ ಅವರು ನನಗೆ ಎಲ್ಲ ಹೇಳಿದರು. ಇನ್ನು ದೆಹಲಿಯ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೋದ ವರ್ಷವೇ ಅಂದದ್ದು, ದೀಪಾವಳಿಯಿಂದ ಮನೆಯಲ್ಲೇ ಆಕ್ಸಿಜನ್ ಮಷೀನು, ಹಗಲೂ ರಾತ್ರಿ ಮೂಗಿಗೆ ನಳಿಕೆ, ಮಹಡಿಯನ್ನೂ ಹತ್ತದೆ ಕೆಳಗಿನ ಕೋಣೆಯಲ್ಲೇ ಮಲಗಿರುವುದು, ಎಲ್ಲ. ಫೋನಿನ ಕ್ಯಾಮೆರಾ ಯಾಕೆ ಕೆಟ್ಟಿದೆ ಎಂದೂ ತಿಳಿಯಿತು. ಮಾರ್ಚಿಗೆ ನೀವು ಬರುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ನಾವೇ ಬರುತ್ತೇವೆ. ಆದರೆ ಅದನ್ನು ಅನನ್ಯಾಗೆ ನಾನು ಹೇಳಿದರೆ ಅವಳು ನಂಬುವುದಿಲ್ಲ, ನೀವೇ ಹೇಳಬೇಕು. ಈ ಭಾನುವಾರ, ಧನುಷ್ ಹೊರಡುವ ಮೊದಲು, ಅವಳಿಗೆ ವಿಡಿಯೋ ಕಾಲ್ ಮಾಡಿ. ಒಂದು ಸಲ ಅವಳು ತಿರುಗಿ ನೋಡಲಿ. ಮಷೀನನ್ನು ಪಕ್ಕಕ್ಕೆ ಸರಿಸಬೇಡಿ, ನಳಿಕೆ ತೆಗೆಯಬೇಡಿ.